ಕೊಟ್ರಮ್ಮನ ಮಷೀನು ಒಯ್ದವರು

ಕೋರ್ಟಿಗೆ ಹೊಸದಾಗಿ ಸೇರಿದ ಕೆಲವರು ಮೊನ್ನೆ ಕೂಡ್ಲಿಗಿಯ ನಮ್ಮ ಮನೆಗೆ ಬಂದಿದ್ದರು. ಅವರಲ್ಲಿ ಹಡಗಲಿ ಕಡೆಯ ಹುಡುಗಿಯೊಬ್ಬಳು, "ಸರ್, ಈ ಕೆಲಸದಾಗ ಭಾಳ ಕಷ್ಟದ್ದು ಯಾವುದ್ರಿ?" ಎಂದು ಕೇಳಿದಳು. ನಾನು ಯೋಚನೆ ಮಾಡದೆ "ಬಿಸಿಲು" ಅಂದುಬಿಟ್ಟೆ. ಎಲ್ಲರೂ ನಕ್ಕರು, ಮಂಡಕ್ಕಿ ಮೆಣಸಿನಕಾಯಿ ತಿಂದು ಚಹಾ ಕುಡಿದು ಹೋದರು. ಅವರು ಹೋದ ಮೇಲೆ ನನ್ನ ಮಾತು ನನಗೇ ಸುಳ್ಳು ಅನ್ನಿಸಿತು. ಬಿಸಿಲು ಏನು ಮಹಾ, ತಲೆಗೆ ಟವೆಲ್ ಸುತ್ತಿಕೊಂಡರೆ ಆಯಿತು. ಕಷ್ಟದ್ದು ಬೇರೆ. ಒಬ್ಬರ ಮನೆ ಬಾಗಿಲಲ್ಲಿ ನಿಂತಾಗ ನಾನು ಯಾರು, ನನ್ನ ಕೈಯಲ್ಲಿರುವುದು ಏನು, ಎದುರಿಗೆ ನಿಂತವರು ಯಾರು ಅನ್ನುವುದು ಒಟ್ಟಿಗೇ ತಿಳಿದಿರಬೇಕು. ನನ್ನ ಇಡೀ ನೌಕರಿಯಲ್ಲಿ ಅಷ್ಟೂ ತಿಳಿದಿದ್ದ ದಿನಗಳು ಕಡಿಮೆ. ಆ ಹುಡುಗಿಗೆ ಹೇಳಬೇಕಾಗಿದ್ದದ್ದು ಇದು. ಆವತ್ತು ಹೇಳಲಾಗಲಿಲ್ಲ, ಈಗ ಬರೆಯುತ್ತಿದ್ದೇನೆ.

ನನ್ನ ಹೆಸರು ಮರುಳಸಿದ್ದಪ್ಪ. ಆದೇಶ ಜಾರಿಕಾರನಾಗಿ ಸೇರಿ ಬೇಲಿಫ್ ಆಗಿ ನಿವೃತ್ತನಾದೆ. ಈ ಎರಡೂ ಹೆಸರು ಸರ್ಕಾರದ ಕಾಗದದಲ್ಲಿ ಮಾತ್ರ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಕಡೆ ಎಲ್ಲಿ ಹೋದರೂ ಜನರಿಗೆ ನಾನು ಅಮೀನ. ಕೋರ್ಟಿನ ಸಮನ್ಸ್ ಮುಟ್ಟಿಸುವುದು, ನ್ಯಾಯಾಧೀಶರು ಜಪ್ತಿ ವಾರಂಟ್ ಕೊಟ್ಟರೆ ಹೋಗಿ ಸಾಮಾನು ಜಪ್ತಿ ಮಾಡುವುದು ನನ್ನ ಕೆಲಸ. ಯಾರದೇ ಸಾಲ ಇರಲಿ, ಕೇಸು ನಡೆದು, ತೀರ್ಪಾಗಿ, ವಾರಂಟ್ ಹೊರಡದೆ ಅಮೀನ ಯಾರ ಮನೆಯ ಚಂಬನ್ನೂ ಮುಟ್ಟುವಂತಿಲ್ಲ. ಇದನ್ನು ನಿಮಗೆ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಬಾಗಿಲ ಒಳಗೆ ನಿಂತವರಿಗೆ ಇದು ಗೊತ್ತಿರುವುದಿಲ್ಲ ಅನ್ನುವುದನ್ನು ಯಾರೂ ಹೇಳಿಕೊಡುವುದಿಲ್ಲ.

ಕೊಟ್ಟೂರಿನಲ್ಲಿ ನಿಂತು "ಕೊಟ್ರೇಶಾ" ಎಂದು ಕೂಗಿದರೆ ಅರ್ಧ ಓಣಿ ತಿರುಗಿ ನೋಡುತ್ತದೆ. ಊರ ದೇವರ ಹೆಸರು, ಮನೆಗೊಂದು ಇದ್ದೇ ಇರುತ್ತದೆ. ನೌಕರಿಗೆ ಸೇರಿದ ಹೊಸತರಲ್ಲಿ ಕೊಟ್ರಪ್ಪನ ಮಗ ಕೊಟ್ರೇಶ ಅನ್ನುವವನಿಗೆ ಒಂದು ಸಮನ್ಸ್ ಒಯ್ದಿದ್ದೆ. ಹಿಟ್ಟಿನ ಗಿರಣಿಯಲ್ಲಿದ್ದ ಕೊಟ್ರೇಶ "ನಾನಾ ಕೊಟ್ರೇಶ, ನಮ್ಮಪ್ಪ ಕೊಟ್ರಪ್ಪ" ಅಂದ. ಸಹಿ ಹಾಕಿಸಿಕೊಂಡು ಬಂದೆ. ಆ ಮನುಷ್ಯ ವಿಚಾರಣೆಯ ಪ್ರತಿ ಮುದ್ದತಿಗೂ ತಪ್ಪದೆ ಬಂದು ಹಿಂದಿನ ಬೆಂಚಿನಲ್ಲಿ ಕೂತ. ಹೆಸರು ಕೂಗಿದಾಗ ಎದ್ದು ಕೈ ಮುಗಿದ. ಕಡೆಗೊಂದು ದಿನ ಸಾಲ ಕೊಟ್ಟ ವ್ಯಾಪಾರಿ ತಾನೇ ಕೋರ್ಟಿಗೆ ಬಂದು, "ಇಂವ ಯಾರು?" ಅಂದ.

"ನೀವು ಇವರ ಹತ್ತಿರ ಸಾಲ ತಗೊಂಡಿದ್ದೀರಾ?" ಎಂದು ನ್ಯಾಯಾಧೀಶರು ಕೇಳಿದರು.

"ಇಲ್ರಿ ಸಾಹೇಬ್ರ."

"ಮತ್ತೆ ಇಷ್ಟು ದಿನ ಯಾಕೆ ಬಂದಿರಿ?"

"ಕರದಾರಲ್ರಿ. ಕರದ ಮ್ಯಾಲ ಬರಬೇಕಲ್ರಿ."

ಕೋರ್ಟಿನಲ್ಲಿ ಎಲ್ಲರೂ ನಕ್ಕರು, ನನಗೆ ಮಾತ್ರ ಬೆವರು. ನಮ್ಮ ಮೇಲಿನವರು ಆಗ ನಾಜರ್ ಗಂಗಾಧರಯ್ಯನವರು. ಜಾರಿಕಾರರಿಗೆಲ್ಲ ಕೆಲಸ ಹಂಚುವವರು, ಎಲೆಯಡಿಕೆ ಬಾಯಲ್ಲಿದ್ದರೂ ಸ್ಪಷ್ಟವಾಗಿ ಬೈಯಬಲ್ಲವರು. ಆವತ್ತು ಬೈಯಲಿಲ್ಲ. "ಹೆಸರು ಕೇಳಿ ಕೊಡೋದಾದ್ರ ನೀ ಯಾಕ, ಪೋಸ್ಟಿನವರು ಅದಾರ. ಅಮೀನ ವಿಚಾರ ಮಾಡಬೇಕಪ್ಪ" ಅಂದರು. ವಿಚಾರ ಮಾಡುವುದು ಹೇಗೆ ಅಂತ ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಅವರು ಉಗುಳಲು ಎದ್ದು ಹೋದರು.

ಜಪ್ತಿಯ ಪಾಠ ಹೇಳಿದ್ದೂ ಅವರೇ. ವಾರಂಟ್ ಇದ್ದರೂ ಎಲ್ಲವನ್ನೂ ಮುಟ್ಟುವಂತಿಲ್ಲ. ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ ಹೊದಿಕೆ, ಕೊರಳ ತಾಳಿ, ಕಸುಬಿನವನ ಹತಾರ, ಇವನ್ನು ಬಿಡಬೇಕು. ಸೂರ್ಯ ಮುಳುಗಿದ ಮೇಲೆ ಮನೆಯೊಳಗೆ ಕಾಲಿಡಬಾರದು. ಹೇಳುವಾಗ ಬಹಳ ಸರಳ. ಹಡಗಲಿ ಕೋರ್ಟಿನಲ್ಲಿದ್ದಾಗ ಹೊಳಲಿನ ಒಬ್ಬ ಕ್ಷೌರಿಕನ ಅಂಗಡಿಗೆ ವಾರಂಟ್ ಹಿಡಿದು ಹೋದೆ. ಒಳಗೆ ಇದ್ದದ್ದು ಒಂದು ಕನ್ನಡಿ, ಒಂದು ತಿರುಗುವ ಕುರ್ಚಿ. ಸಾಲ ಕೊಟ್ಟವನ ಕಡೆಯವನು "ಕುರ್ಚಿ ಎತ್ರಿ" ಅಂದ. ನಾನು "ಅದು ಹತಾರ" ಅಂದೆ.

"ಹತಾರ ಅಂದ್ರ ಕತ್ರಿ, ಕತ್ತಿ. ಕುರ್ಚಿ ಹತಾರ ಹೆಂಗಾದೀತು?"

"ಕುರ್ಚಿ ಇಲ್ಲದ ಗಿರಾಕಿನ ಎಲ್ಲಿ ಕುಂದ್ರಸ್ಲಿ? ನಿನ್ನ ತೊಡಿ ಮ್ಯಾಲ?" ಅಂದ ಕ್ಷೌರಿಕ.

ಇಬ್ಬರ ಮಾತೂ ಸರಿ ಅನ್ನಿಸಿತು. ಯೋಚನೆ ಮಾಡಲೆಂದು ನಾನು ಆ ಕುರ್ಚಿಯಲ್ಲೇ ಕೂತೆ. ಸುತ್ತ ಊರು ಸೇರಿತು. ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. "ಕುರ್ಚಿ ಕಸುಬಿನದೋ ಅಲ್ಲವೋ ನನಗೆ ತಿಳಿಯದ ಕಾರಣ ಜಪ್ತಿ ಮಾಡಿಲ್ಲ" ಎಂದು ವರದಿ ಬರೆದುಕೊಟ್ಟೆ. ನ್ಯಾಯಾಧೀಶರು ಅದನ್ನು ಗಟ್ಟಿಯಾಗಿ ಓದಿ ಕುರ್ಚಿಯನ್ನು ಹತಾರವೆಂದೇ ತೀರ್ಮಾನಿಸಿದರು. ತಿಳಿಯದಿದ್ದಾಗ ಮುಟ್ಟದೆ ಬರುವುದು ಒಳ್ಳೆಯದು ಅಂತ ಆವತ್ತು ಕಲಿತೆ. ಹೊಸಬರು ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು.

ಮುಂದೆ ಕಾಲ ಬದಲಾಯಿತು. ನಾವು ಮೊದಲು ಊರೊಳಗೆ ಹೋದರೆ ತಳವಾರ ಜೊತೆಗಿರುತ್ತಿದ್ದ, ಹರಾಜಿದ್ದರೆ ತಮಟೆ ಬಾರಿಸುತ್ತಿದ್ದರು. ಆಮೇಲೆ ಬಾಗಿಲಿಗೆ ಅಂಟಿಸಿ ಫೋಟೋ ತೆಗೆಯುವುದು ಬಂತು. ಆಮೇಲೆ ಫೋನಿಗೆ ಕಳಿಸುವುದೂ ಬಂತು. ಕಳಿಸಿದ ಸಂದೇಶದ ಕೆಳಗೆ ನೀಲಿ ಗೆರೆ ಬಂದರೆ ನೋಡಿದಂತೋ, ಓದಿದಂತೋ, ತಿಳಿದಂತೋ ನನಗೆ ಕಡೆಯವರೆಗೂ ಗೊತ್ತಾಗಲಿಲ್ಲ. ಇದೇ ಹೊತ್ತಿಗೆ ಹಳ್ಳಿಹಳ್ಳಿಗೆ ಸಂಘದ ಸಾಲ, ಫೈನಾನ್ಸ್ ಸಾಲ, ಮೊಬೈಲ್ ಸಾಲ ಬಂದವು. ವಸೂಲಿಗೆ ಬೈಕಿನ ಮೇಲೆ ಜನ ಬಂದರು. ಹೆಗಲಿಗೆ ಚೀಲ, ಕೈಯಲ್ಲಿ ಕಾಗದ, ಕೊರಳಲ್ಲಿ ಗುರುತಿನ ಚೀಟಿಯ ಪಟ್ಟಿ. ದೂರದಿಂದ ನೋಡಿದರೆ ಅವರೂ ನಾನೂ ಒಂದೇ. ನಾನು ಓಣಿಗೆ ಕಾಲಿಟ್ಟರೆ ಬಾಗಿಲುಗಳು ಮುಚ್ಚತೊಡಗಿದವು. ಹರಪನಹಳ್ಳಿ ಕಡೆಯ ಬಾಗಳಿಯಲ್ಲಿ ಒಬ್ಬ ಮುದುಕಿಗೆ "ಅಮ್ಮಾ, ಹೆದರಬ್ಯಾಡ, ನಾ ಕೋರ್ಟಿನವ" ಅಂದೆ. "ಅವರೂ ಹಂಗಾ ಅಂದ್ರಪ್ಪ" ಅಂದಳು. ನನಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾದರೆ ಕೊಟ್ರಮ್ಮ ಬರಬೇಕಾಯಿತು.

ನನ್ನ ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲವಿತ್ತು. ಬೇಸಿಗೆ ಮುಗಿಯುವ ಹೊತ್ತು. ಒಂದು ಬೆಳಿಗ್ಗೆ ನಡುವಯಸ್ಸಿನ ಹೆಂಗಸೊಬ್ಬಳು ಊಟದ ಡಬ್ಬಿ ಸಮೇತ ಕೂಡ್ಲಿಗಿ ಕೋರ್ಟಿಗೆ ಬಂದು, ಕಚೇರಿಯ ಕಿಟಕಿಯಲ್ಲಿ, "ನನ್ನ ಕೇಸಿನ ಮುದ್ದತು ಯಾವತ್ತೈತ್ರಿ? ನನ್ನ ಮಷೀನು ಯಾವಾಗ ಬಿಡ್ತೀರಿ?" ಎಂದು ಕೇಳಿದಳು. ಕೊಟ್ಟೂರಿನ ದರ್ಜಿ ಕೊಟ್ರಮ್ಮ. ಗಂಡ ಲಗೇಜು ಆಟೋ ಓಡಿಸುತ್ತಾನೆ, ಈಕೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಮಹಿಳೆಯರ ಗುಂಪಿನಲ್ಲಿ ಒಂದು ಸಾಲ ತೆಗೆದಿದ್ದಳು, ಕಂತು ಹಿಂದೆ ಬಿದ್ದಿತ್ತು. ಕೋರ್ಟಿನ ಅಮೀನ ಬಂದು ಹೊಲಿಗೆ ಮಷೀನು ಜಪ್ತಿ ಮಾಡಿಕೊಂಡು ಹೋದನಂತೆ. ಮಷೀನಿನ ಮೇಲಿದ್ದ ಮಕ್ಕಳ ಬಟ್ಟೆಗಳೂ ಹೋದವಂತೆ.

ಗುಮಾಸ್ತರು ಕಂಪ್ಯೂಟರಿನಲ್ಲಿ ನೋಡಿದರು. ಅವಳ ಹೆಸರಿನಲ್ಲಿ ಕೇಸೇ ಇರಲಿಲ್ಲ.

"ಇಲ್ಲವ್ವ, ನಿನ್ನ ಮ್ಯಾಲ ಯಾವ ಕೇಸೂ ಇಲ್ಲ."

"ಕೇಸಿಲ್ಲದ ಮಷೀನು ಹೆಂಗ ಹೊತ್ಕೊಂಡು ಹೋದ್ರಿ?"

"ನಾವು ಒಯ್ದಿಲ್ಲ."

"ಅಮೀನನಾ ಒಯ್ದಾನ. ಖಾಕಿ ಅಂಗಿ ಹಾಕ್ಕೊಂಡಿದ್ದ."

ಅಷ್ಟರಲ್ಲಿ ನಾನು ಎದೆಗೆ ಕೋರ್ಟಿನ ಬಿಲ್ಲೆ ಹಾಕಿಕೊಂಡು, ಖಾಕಿ ಅಂಗಿಯಲ್ಲಿ, ಅದೇ ಬಾಗಿಲಿನಿಂದ ಒಳಗೆ ಬಂದೆ. ಕೊಟ್ರಮ್ಮ ನನ್ನತ್ತ ಬೆರಳು ತೋರಿಸಿ, "ಇಂಥವನಾ!" ಎಂದು ಕೂಗಿದಳು. 'ಇಂಥವನು' ಅಂದಳೋ 'ಇವನೇ' ಅಂದಳೋ ಅಂತ ಆಮೇಲೆ ಬಹಳ ಚರ್ಚೆಯಾಯಿತು. ಆ ಹೊತ್ತಿಗೆ ಇಡೀ ಕಚೇರಿ ನನ್ನ ಮುಖ ನೋಡುತ್ತಿತ್ತು.

ನಮ್ಮ ನ್ಯಾಯಾಧೀಶೆ ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು, ಹೊಸದಾಗಿ ಬಂದವರು. ನನ್ನನ್ನು ಕೊಠಡಿಗೆ ಕರೆಸಿದರು.

"ಮಷೀನು ಒಯ್ದ ದಿನ ನೀವು ಕೊಟ್ಟೂರಿಗೆ ಹೋಗಿದ್ರಾ?"

"ಹೋಗಿದ್ದೆ ಮೇಡಂ. ಒಂದು ಸಮನ್ಸ್ ಇತ್ತು."

"ಯಾವ ಓಣಿ?"

ಹೇಳಿದೆ. ಕೊಟ್ರಮ್ಮನ ಮನೆ ಇದ್ದದ್ದು ಅದರ ಪಕ್ಕದ ಓಣಿಯಲ್ಲೇ. ಅವರು ಕೊಟ್ರಮ್ಮನನ್ನು ಒಳಗೆ ಕರೆದು, "ಸರಿಯಾಗಿ ನೋಡಿ ಹೇಳಿ, ಇವರೇನಾ?" ಎಂದರು. ಅವಳು ಹತ್ತಿರ ಬಂದು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಇವರಲ್ಲ ಅನಸ್ತೈತ್ರಿ. ಅವಗ ಮೀಸಿ ಇತ್ತು."

"ಇವರಿಗೂ ಮೀಸೆ ಇದೆಯಲ್ಲ?"

"ಹೌದಲ್ರಿ... ಅವಾಗ ನಾ ಅಳಾಕ ಹತ್ತಿದ್ದೆ. ಮುಖ ಎಲ್ಲಿ ನೋಡ್ಲಿ? ಬಿಲ್ಲಿ ನೋಡಿದ್ನೋ, ಪಟ್ಟಿ ನೋಡಿದ್ನೋ. ಗೊತ್ತಿಲ್ರಿ."

ಗೊತ್ತಿಲ್ಲ ಅನ್ನುವ ಒಂದು ಮಾತಿನ ಮೇಲೆ ನನ್ನ ಪಿಂಚಣಿ ತೂಗಾಡತೊಡಗಿತು. ನ್ಯಾಯಾಧೀಶೆ ಅವಳಿಗೆ ಪೊಲೀಸರಿಗೆ ದೂರು ಕೊಡಲು ಹೇಳಿ, ನನಗೆ ಲಿಖಿತ ವಿವರಣೆ ಕೇಳಿದರು. ಸರಿಯಾದದ್ದನ್ನೇ ಮಾಡಿದರು. ಆದರೆ ನಾನು ಒಯ್ದಿಲ್ಲ ಅಂತ ಹೇಗೆ ಬರೆಯುವುದು? ಮಾಡಿದ ಕೆಲಸಕ್ಕೆ ಸಹಿ ಇರುತ್ತದೆ, ಪಂಚರು ಇರುತ್ತಾರೆ. ಮಾಡದ ಕೆಲಸಕ್ಕೆ ಯಾರನ್ನು ಸಾಕ್ಷಿ ಕರೆಯಲಿ?

ಶಿರಸ್ತೇದಾರರು ನನ್ನನ್ನು ಪಕ್ಕಕ್ಕೆ ಕರೆದು, "ಆ ಹೆಣ್ಮಗಳ ಮನಿ ಕಡೀಗೆ ತಲಿ ಹಾಕಬ್ಯಾಡ. ಸಾಕ್ಷಿ ತಿದ್ದಾಕ ಹೋಗ್ಯಾನ ಅಂತಾರ" ಎಂದು ಎಚ್ಚರಿಸಿದರು. ಮನೆಯಲ್ಲಿ ನಾನು ಊಟಕ್ಕೆ ಕೂತು ಉಣ್ಣದೆ ಎದ್ದೆ. ನನ್ನ ಹೆಂಡತಿ ಶಾರದಮ್ಮ ಎಲ್ಲ ಕೇಳಿ, "ನೀವು ಹೋಗಬಾರದು, ಖರೆ. ನಾ ಜಂಪರ್ ಹೊಲಿಸಾಕ ಹೋಗಬಾರದು ಅಂತ ಯಾರಾರ ಹೇಳ್ಯಾರೇನು?" ಅಂದಳು. ಭಾನುವಾರ ಇಬ್ಬರೂ ಬಸ್ಸು ಹತ್ತಿದೆವು. ಓಣಿಯ ತುದಿಯಲ್ಲಿ ಬೇವಿನ ಗಿಡದ ಕೆಳಗೆ ನಾನು ನಿಲ್ಲುವುದು, ಅವಳು ಒಳಗೆ ಹೋಗುವುದು ಅಂತ ಮಾತಾಗಿತ್ತು. ಅವಳು ಹೋಗಿ ಬಹಳ ಹೊತ್ತು ಬರಲಿಲ್ಲ. ಆಮೇಲೆ ಕೊಟ್ರಮ್ಮನೇ ಓಣಿಗೆ ಬಂದು, "ಇಂಥ ಬಿಸಲಾಗ ಹೊರಗ ಯಾಕ ನಿಂತೀರಿ, ಬರ್ರಿ ಒಳಗ. ನಿಮ್ಮ ಹೆಂಡ್ತಿ ಎಲ್ಲಾ ಹೇಳ್ಯಾಳ" ಅಂದಳು.

ಮನೆಯಲ್ಲಿ ಮಷೀನಿದ್ದ ಜಾಗ ಖಾಲಿ ಇತ್ತು. ಸುತ್ತ ಕತ್ತರಿಸಿದ ನೀಲಿ ಬಟ್ಟೆಯ ಗಂಟುಗಳು. ಶಾಲೆ ಶುರುವಾಗುವುದರೊಳಗೆ ಕೊಡಬೇಕಾದವು. ಪಕ್ಕದ ಮನೆಯ ಮಷೀನನ್ನು ಅವರ ಕೆಲಸ ಮುಗಿದ ಮೇಲೆ ಕೇಳಿ ಕೂರುತ್ತಿದ್ದಳಂತೆ. ಮಷೀನು ಒಯ್ದವನು ಕೊಟ್ಟುಹೋದ ಒಂದು ಕಾಗದವನ್ನು ಅವಳು ತಂದು ಕೈಗಿಟ್ಟಳು. ಮೇಲೆ ತಕ್ಕಡಿಯ ಚಿತ್ರ, ಕೆಂಪು ಅಕ್ಷರದಲ್ಲಿ 'ಜಪ್ತಿ ಪೂರ್ವ ಅಂತಿಮ ಎಚ್ಚರಿಕೆ'. ಕೆಳಗೆ ಬೇರೆ ಯಾವುದೋ ಊರಿನ ವಕೀಲರ ಮುದ್ರೆ. ಕೋರ್ಟಿನ ಹೆಸರಿಲ್ಲ, ಮೊಹರಿಲ್ಲ, ಕೇಸಿನ ನಂಬರಿಲ್ಲ.

"ಇದು ಕೋರ್ಟಿನದಲ್ಲವ್ವ. ವಕೀಲರ ನೋಟಿಸು. ಬರೇ ಕಾಗದ. ಇದನ್ನ ಹಿಡ್ಕೊಂಡು ಯಾರೂ ಜಪ್ತಿ ಮಾಡಾಂಗಿಲ್ಲ."

"ಹಂಗಾರ ನಾ ಸಾಲ ಕೊಡಬೇಕಾಗಿಲ್ಲೇನು?"

"ಕೊಡಬೇಕು."

"ಹಂಗಾರ ಅವರು ಮಷೀನು ಒಯ್ದದ್ದು ಸರಿ."

"ಸರಿಯಲ್ಲ."

"ನಾ ಕೊಡಬೇಕು ಅಂತೀರಿ, ಅವರು ಒಯ್ಯಬಾರದು ಅಂತೀರಿ. ಏನ್ ಹೇಳಾಕತ್ತೀರಿ ನೀವು?"

ನಾನು ಶಾರದಮ್ಮನ ಮುಖ ನೋಡಿದೆ. ಅವಳೂ ನನ್ನ ಮುಖ ನೋಡುತ್ತಿದ್ದಳು. ಎರಡೂ ಹೌದು ಅಂತ ನನಗೆ ಗೊತ್ತಿತ್ತು, ಎರಡೂ ಹೇಗೆ ಹೌದು ಅಂತ ಹೇಳಲು ಬರಲಿಲ್ಲ. ಕೊಟ್ರಮ್ಮನಿಗೆ ಸಾಲದ ನಾಚಿಕೆ. ಕಂತು ಕಟ್ಟದವಳು ನಾನು, ನನಗೆಲ್ಲಿಯ ಬಾಯಿ ಅಂದುಕೊಂಡಿದ್ದಳು. ಬಾಗಿಲಿಗೆ ಬಂದು ಬೈದದ್ದು, ಗುಂಪಿನ ಹೆಂಗಸರನ್ನು ಕರೆತಂದು ಅಂಗಳದಲ್ಲಿ ಕೂರಿಸಿದ್ದು, ಗಂಡನ ಆಟೋ ಸ್ಟ್ಯಾಂಡಿಗೆ ಹೋಗಿ ಕೂಗಿದ್ದು, ಎಲ್ಲವೂ ಸಾಲದ ಜೊತೆಗೇ ಬರುವ ಬಡ್ಡಿ ಅಂತ ಅವಳ ಲೆಕ್ಕ.

ಅವಳು ಆಗಲೇ ಬಹಳ ತಿರುಗಿದ್ದಳು. ಒಂದು ಠಾಣೆಗೆ ಹೋದರೆ "ಇದು ಸಿವಿಲ್ಲು, ಕೋರ್ಟಿಗೆ ಹೋಗು" ಅಂದರಂತೆ. ಯಾವ ಠಾಣೆ ಅಂತ ನಾನು ಬರೆಯುವುದಿಲ್ಲ. ಕೋರ್ಟಿಗೆ ಬಂದರೆ ನಾವು ಠಾಣೆಗೆ ಹೋಗು ಅಂದೆವು. ಫೈನಾನ್ಸಿನ ಕಚೇರಿಯಲ್ಲಿ "ವಸೂಲಿ ನಮ್ಮದಲ್ಲ, ಏಜೆನ್ಸಿಯವರದು" ಅಂದರು. ಏಜೆನ್ಸಿಯ ನಂಬರಿಗೆ ಫೋನು ಮಾಡಿದರೆ "ಬಂದವನು ಕೆಲಸ ಬಿಟ್ಟಾನ" ಅಂದರು. ಒಂದು ಸಹಾಯವಾಣಿಗೆ ಮಾಡಿದರೆ ಕನ್ನಡಕ್ಕೆ ಒಂದು ಒತ್ತಿ, ದೂರಿಗೆ ಎರಡು ಒತ್ತಿ ಅಂತ ಹೇಳುತ್ತಾ ಹೇಳುತ್ತಾ ಕರೆನ್ಸಿ ಮುಗಿಯಿತಂತೆ. "ಎಲ್ಲರೂ ಮುಂದಿನ ಬಾಗಲ ತೋರಸ್ತಾರ್ರಿ" ಅಂದಳು.

ನನಗೆ ತೋಚಿದ್ದು ಒಂದೇ, ಕಾನೂನು ಸೇವಾ ಸಮಿತಿ. ಕೋರ್ಟಿನ ಕಟ್ಟಡದಲ್ಲೇ ಅವರ ಕೋಣೆ, ದಿನಾ ಅದರ ಮುಂದೆ ಓಡಾಡಿದವನು ನಾನು, ಮೊದಲೇ ಹೊಳೆಯಲಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಪುಕ್ಕಟೆ ಸಿಗುತ್ತಾರೆ. ಕೊಟ್ರಮ್ಮನಿಗೆ ಸಿಕ್ಕವರು ಶೈಲಜಾ ಅಂತ, ಹರಪನಹಳ್ಳಿಯವರು, ಚುರುಕಿನ ಹೆಣ್ಣುಮಗಳು. ಆದರೆ ಅವರಿಗೂ ಎಲ್ಲ ಸಲೀಸಾಗಿರಲಿಲ್ಲ. ಬಲವಂತದ ವಸೂಲಿ ತಡೆಯಲು ಸರ್ಕಾರ ಆಗಷ್ಟೇ ಹೊಸ ಕಾನೂನು ತಂದಿತ್ತು. ಅದು ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಗೆ ಅನ್ವಯಿಸುತ್ತದೋ ಇಲ್ಲವೋ ಅಂತ ಪುಟ ತಿರುಗಿಸಿ ತಿರುಗಿಸಿ ನೋಡಿದರು. ರಿಸರ್ವ್ ಬ್ಯಾಂಕಿನ ನಿಯಮವೂ ಇದೆ. ಹೊತ್ತಲ್ಲದ ಹೊತ್ತಿಗೆ ಬರುವಂತಿಲ್ಲ, ಬೈಯುವಂತಿಲ್ಲ, ನೆಂಟರ ಹತ್ತಿರ ಹೋಗುವಂತಿಲ್ಲ, ಗುರುತಿನ ಚೀಟಿ ಮತ್ತು ಕಂಪನಿಯ ಅಧಿಕಾರ ಪತ್ರ ತೋರಿಸಲೇಬೇಕು. ಅದಕ್ಕೆ ದೂರು ಕೊಡುವ ಜಾಗವೇ ಬೇರೆ, ದಾರಿಯೇ ಬೇರೆ. ಗ್ರಾಹಕರ ನ್ಯಾಯಾಲಯ ಇನ್ನೊಂದು ದಾರಿ.

"ಇಷ್ಟು ದಾರಿ ಅದಾವಲ್ಲ, ಯಾವುದರಾಗ ಹೋಗೋದು ಮೇಡಂ?" ಅಂದೆ.

ಅವರು ಪುಸ್ತಕ ಮುಚ್ಚಿ ನನ್ನನ್ನೇ ನೋಡಿದರು. "ಯಜಮಾನ್ರೇ, ಅವನು ಅಮೀನ ಅಂತ ಹೇಳ್ಕಂಡು ಬಂದಾನೆ ಅಲ್ವಾ? ಸರ್ಕಾರಿ ನೌಕರ ಅಂತ ಸುಳ್ಳು ಹೇಳೋದು ಅಪರಾಧ. ಅದಕ್ಕೆ ಯಾವ ಗೊಂದಲನೂ ಇಲ್ಲ. ಅಲ್ಲಿಂದನೇ ಶುರು ಮಾಡಾಣ."

ದೂರು ಬರೆದರು. ಈ ಸಲ ಠಾಣೆಯಲ್ಲಿ ಸಿವಿಲ್ಲು ಅನ್ನಲು ಆಗಲಿಲ್ಲ. ಆಟೋ ಸ್ಟ್ಯಾಂಡಿನವರು ಬೈಕಿನ ನಂಬರು ಹೇಳಿದರು, ಆ ಮನುಷ್ಯ ಸಿಕ್ಕ. ಸಾಮಾನು ಹಗರಿಬೊಮ್ಮನಹಳ್ಳಿಯ ಹೊರಗಿನ ಒಂದು ಗೋದಾಮಿನಲ್ಲಿದೆ ಅಂದ. ಗುರುತಿಸಲು ಕೊಟ್ರಮ್ಮನನ್ನು ಕರೆದೊಯ್ದರು. ಅವನ ಪಕ್ಕ ನನ್ನನ್ನು ನಿಲ್ಲಿಸಿ ನೋಡಬೇಕೆಂದು ನನ್ನನ್ನೂ ಕರೆದೊಯ್ದರು.

ಅವನ ಹೆಸರು ರಮೇಶ. ಮೀಸೆ ಇತ್ತು, ನನ್ನದಕ್ಕಿಂತ ದಪ್ಪದ್ದು. ಹಿಂದೆ ಎಲ್ಲೋ ಕಾವಲುಗಾರನಾಗಿದ್ದಾಗಿನ ಖಾಕಿ ಅಂಗಿ. ಅವನು ಪೊಲೀಸರಿಗೆ ಹೆಸರು ಹೇಳುತ್ತಿದ್ದ ಹಾಗೆ ಕೊಟ್ರಮ್ಮ, "ಇವನಾ. ಈಗ ಧ್ವನಿ ಕೇಳಿದ್ನಲ್ಲ, ಇವನಾ" ಅಂದಳು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದ ಕೂಡಲೇ ಸಿಟ್ಟು ಬಂತು.

"ಅಮೀನ ಅಂತ ಯಾಕ ಹೇಳಿದಿ ಮಗನ?"

"ನಾ ಹೇಳಿಲ್ರಿ. ಅವರಾ ಕೇಳಿದ್ರು, ಕೋರ್ಟಿನವರೇನು ಅಂತ. ನಾ ಹ್ಞೂಂ ಅಂದೆ, ಅಷ್ಟಾ."

"ಹ್ಞೂಂ ಅಂದ್ರ ಹೇಳಿದಂಗ ಅಲ್ಲೇನು?"

"ಈ ಕಾಗದ ಇದ್ರ ಕೋರ್ಟ್ ಇದ್ದಂಗ ಅಂತ ನನಗ ಹೇಳಿ ಕಳಿಸ್ಯಾರ್ರಿ. ನನಗೇನ್ ಗೊತ್ರಿ, ನಾನೂ ಅವರ ಹತ್ರಾನ ಬೈಕಿನ ಸಾಲ ಮಾಡೀನಿ."

ಅವನು ಕಳ್ಳ ಅಂದುಕೊಂಡು ಬಂದಿದ್ದೆ. ನನ್ನ ಹಾಗೆಯೇ ಯಾರೋ ಕೊಟ್ಟ ಕಾಗದ ಹಿಡಿದು ಬಾಗಿಲು ಬಡಿದವನು ಅಂತ ಆಗ ಅನ್ನಿಸಿತು. ಆದರೆ ಅಳುತ್ತಿದ್ದ ಹೆಂಗಸಿನ ಮುಂದೆ ಹ್ಞೂಂ ಅಂದವನೂ ಅವನೇ. ಎಷ್ಟು ಸಿಟ್ಟು ಮಾಡಬೇಕು ಅಂತ ಇವತ್ತಿಗೂ ನನಗೆ ತಿಳಿದಿಲ್ಲ.

ಗೋದಾಮಿನ ಶಟರ್ ಎತ್ತಿದರು. ಸಾಲಾಗಿ ಹೊಲಿಗೆ ಮಷೀನುಗಳು. ಅವುಗಳ ಹಿಂದೆ ಮಿಕ್ಸಿಗಳು, ಗ್ಯಾಸಿನ ಒಲೆಗಳು, ಒಂದು ರೊಟ್ಟಿ ಮಷೀನು, ತಳ್ಳುಗಾಡಿಯ ಗಾಲಿಗಳು. ಯಾವುದಕ್ಕೂ ಹೆಸರಿಲ್ಲ, ಚೀಟಿ ಇಲ್ಲ. ಯಾರ ಮನೆಯಿಂದ ಬಂದದ್ದು ಅಂತ ರಮೇಶನಿಗೂ ನೆನಪಿಲ್ಲ. ನಾನು ಜಪ್ತಿ ಮಾಡಿದರೆ ಸೂಜಿಯನ್ನೂ ಬರೆದುಕೊಳ್ಳಬೇಕು. ಇಲ್ಲಿ ಐದು ತಾಲೂಕಿನ ಅಡಿಗೆಮನೆಗಳು ಒಂದರ ಮೇಲೊಂದು ಬಿದ್ದಿದ್ದವು.

ಕೊಟ್ರಮ್ಮ ಸಾಲಿನ ಉದ್ದಕ್ಕೂ ನಡೆದಳು. ಒಂದು ಕಪ್ಪು ಮಷೀನಿನ ಮುಂದೆ ನಿಂತಳು. "ಇದಾ ಏನವ್ವ?" ಎಂದು ಸಬ್ ಇನ್‌ಸ್ಪೆಕ್ಟರ್ ಕೇಳಿದರು. ಅವಳು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಬದಿಯ ಡ್ರಾ ಎಳೆದಳು. ಒಳಗೆ ಒಂದು ಹೇರ್‌ಪಿನ್ನು, ಬಣ್ಣದ ದಾರದ ಉಂಡೆ. ಮಷೀನಿನ ಸೂಜಿಯ ಕೆಳಗೆ ಅರ್ಧ ಹೊಲಿದ ಸಣ್ಣ ಅಂಗಿ ಸಿಕ್ಕಿಕೊಂಡೇ ಇತ್ತು. ಅಂಗೈ ಅಗಲದ ತೋಳು. ಎಳೆಗೂಸಿನದು.

"ನಂದಲ್ರಿ ಇದು" ಅಂದಳು.

"ಎಲ್ಲಾ ಒಂದಾ ನಮೂನಿ ಅದಾವ. ನಿನ್ನದು ಇಲ್ಲಿಲ್ಲ ಅಂದ್ರ ಇದನ್ನಾ ಬರೆಸವ್ವ. ಸಾಲಿ ಶುರುವಾಗಾಕ ಬಂತು" ಅಂದರು ಅವರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೂ ಆ ಹೊತ್ತಿಗೆ ಅದೇ ಸರಿ ಅನ್ನಿಸಿತು. ಅವಳಿಗೆ ಮಷೀನು ಬೇಕು, ಇಲ್ಲಿ ಮಷೀನಿದೆ. ಅವಳು ಆ ಅಂಗಿಯ ತೋಳನ್ನು ಬೆರಳಲ್ಲಿ ಸವರಿದಳು. ಬೇಡ ಅನ್ನಲು ಅವಳಿಗೂ ಸುಲಭವಿರಲಿಲ್ಲ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಸೂಜಿ ಎತ್ತಾಕೂ ಬಿಟ್ಟಿಲ್ರಿ ಆಕಿನ್ನ. ನಾ ಹೆಂಗ ನಂದು ಅನ್ಲಿ?" ಎಂದು ಎದ್ದಳು.

ಅವಳ ಮಷೀನು ಆಗಲೇ ಯಾರಿಗೋ ಮಾರಾಟವಾಗಿತ್ತು, ಸಿಗಲೇ ಇಲ್ಲ. ಕೊಟ್ಟೂರಿನ ಹೆಂಗಸರು ಕಪ್ಪು ಮಷೀನಿನ ಫೋಟೋವನ್ನು ಫೋನಿನಿಂದ ಫೋನಿಗೆ ಕಳಿಸಿದರು. ಕೆಲವು ದಿನಗಳಲ್ಲೇ ಚಿಗಟೇರಿಯಿಂದ ಒಬ್ಬ ಬಾಣಂತಿ ಕೂಸನ್ನು ಕಟ್ಟಿಕೊಂಡು ಬಂದಳು. ಉಳಿದವರೂ ಒಬ್ಬೊಬ್ಬರಾಗಿ ಬಂದು, ಕೋರ್ಟಿಗೆ ಅರ್ಜಿ ಹಾಕಿ, ಮುಚ್ಚಳಿಕೆ ಬರೆದುಕೊಟ್ಟು ತಮ್ಮ ತಮ್ಮ ಸಾಮಾನು ಬಿಡಿಸಿಕೊಂಡರು. ತಮ್ಮದೇ ಒಲೆಗೆ ತಾವೇ ಜಾಮೀನು ಯಾಕೆ ಅಂತ ಒಬ್ಬಾಕೆ ನನ್ನನ್ನು ಕೇಳಿದಳು. ನಿಯಮ ಅಂದೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ. ಕೊಟ್ರಮ್ಮ ಆ ವರ್ಷದ ಸಮವಸ್ತ್ರಗಳನ್ನು ಪಕ್ಕದ ಮನೆಯ ಮಷೀನಿನಲ್ಲೇ, ತಡವಾಗಿ, ಕೆಲವು ಗಿರಾಕಿಗಳನ್ನು ಕಳೆದುಕೊಂಡು ಮುಗಿಸಿದಳು.

ಅಮೀನನ ಸೋಗಿನ ಕೇಸು ಅದರ ಪಾಡಿಗೆ ನಡೆಯಿತು. ಸಾಲ ಮತ್ತು ಮಷೀನಿನ ವಿಷಯ ಲೋಕ ಅದಾಲತ್ತಿಗೆ ಬಂತು. ನಾನು ಆ ದಿನ ಹೆಸರು ಕೂಗುವ ಕೆಲಸದಲ್ಲಿದ್ದೆ. ಕಂಪನಿಯ ವಕೀಲರು ನಯವಾದವರು. "ಆದದ್ದು ಆಗಿದೆ. ಆಕೆಯ ಸಾಲದ ಬಾಕಿ ಪೂರ್ತಿ ಬಿಟ್ಟುಬಿಡುತ್ತೇವೆ. ಮಷೀನಿನ ಮಾತು ಅಲ್ಲಿಗೆ ಮುಗಿಯಲಿ" ಅಂದರು. ನಮ್ಮ ಕಡೆಯವರೆಲ್ಲ ಖುಷಿಪಟ್ಟರು. ಅವಳ ಗಂಡ ಆಗಲೇ ತಲೆ ಆಡಿಸುತ್ತಿದ್ದ. ಶೈಲಜಾ ಮೇಡಂ ಅವಳ ಕಿವಿಯಲ್ಲಿ ಏನೋ ಹೇಳಿದರು.

ಕೊಟ್ರಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

"ಬ್ಯಾಡ್ರಿ. ಸಾಲ ನಾ ತಗೊಂಡೀನಿ, ನಾ ಕೊಡ್ತೀನಿ. ಮಷೀನು ಅವರು ಒಯ್ದಾರ, ಅವರು ಕೊಡ್ಲಿ. ಒಂದಕ್ಕೊಂದು ಗಂಟು ಹಾಕಬ್ಯಾಡ್ರಿ. ಗಂಟು ಹಾಕಿದ್ರ ನಾಳೆ ಇನ್ನೊಬ್ಬಾಕಿ ಮನಿಗೆ ಹೋಗಿ, ಸಾಲ ಐತಿ, ಅದಕ್ಕಾ ಒಯ್ತೀವಿ ಅಂತಾರ."

ವಕೀಲರು ನ್ಯಾಯಾಧೀಶೆಯ ಮುಖ ನೋಡಿದರು. ನ್ಯಾಯಾಧೀಶೆ ಪೆನ್ನು ಕೆಳಗಿಟ್ಟು ಕೊಟ್ರಮ್ಮನನ್ನು ನೋಡಿದರು. ಅವಳ ಗಂಡ, "ಬಿಡ್ತೀವಿ ಅಂತಾರಲ್ಲಲೇ, ನಿನಗೇನ್ ತ್ರಾಸು?" ಎಂದು ಮೆಲ್ಲಗೆ ಗೊಣಗಿದ. ಆವತ್ತು ಕೊಟ್ರಮ್ಮನ ಮನೆಯಲ್ಲಿ ಕೂತು ನನಗೆ ಹೇಳಲು ಬಾರದಿದ್ದದ್ದು ಅವಳ ಈ ಮಾತೇ. ಇಷ್ಟು ವರ್ಷ ಕೋರ್ಟಿನ ಕಂಬದ ಹಾಗೆ ನಿಂತವನಿಗೆ ಅದು ಬಾಯಿಗೆ ಬಂದಿರಲಿಲ್ಲ. ಅವಳಿಗೆ ಎಲ್ಲಿಂದ ಬಂತು ಅಂತ ಆಮೇಲೆ ಕೇಳಿದೆ. "ಮಷೀನಿಲ್ಲದ ಖಾಲಿ ಕುಂತಿದ್ನಲ್ರಿ, ವಿಚಾರ ಮಾಡಾಕ ಟೈಮ್ ಇತ್ತು" ಅಂದಳು.

ಹಾಗೆಯೇ ರಾಜಿಯಾಯಿತು. ಕಂಪನಿಯವರು ಹೊಸ ಮಷೀನು ಕೊಡಿಸಬೇಕು, ಕೆಲಸ ಕೆಟ್ಟದ್ದಕ್ಕೂ ಕೊಡಬೇಕು. ಅವಳು ಬಾಕಿಯನ್ನು ಸಣ್ಣ ಕಂತುಗಳಲ್ಲಿ ಕಟ್ಟಬೇಕು. ಅವಳು ಮಾಡಿದ್ದು ಲಾಭವೋ ನಷ್ಟವೋ ಅಂತ ನಮ್ಮ ಕಚೇರಿಯಲ್ಲಿ ಇನ್ನೂ ವಾದವಿದೆ. ಪೂರ್ತಿ ಬಿಡುತ್ತೇವೆ ಅಂದದ್ದನ್ನು ಬಿಟ್ಟಳಲ್ಲ, ದಡ್ಡಿ ಅನ್ನುವವರಿದ್ದಾರೆ. ನಾನು ಒಂದು ದಿನ ಆ ಕಡೆ, ಒಂದು ದಿನ ಈ ಕಡೆ. ನನ್ನ ವಿವರಣೆಯ ಕಡತ ಮುಚ್ಚಿತು, ನನ್ನ ನೌಕರಿಯೂ ಮುಗಿಯಿತು.

ನಿವೃತ್ತಿಯಾದ ಮೇಲೆ ಒಮ್ಮೆ ಕೊಟ್ಟೂರಿಗೆ ಹೋಗಿದ್ದೆ. ಬೆಳಗಿನ ಹೊತ್ತು, ಬಿಸಿಲು ಆಗಲೇ ಏರಿತ್ತು. ಕೊಟ್ರಮ್ಮನ ಬಾಗಿಲ ಮುಂದೆ ಒಂದು ಬೈಕು ನಿಂತಿತ್ತು. ಹೊಸ ವಸೂಲಿಗಾರ, ಇಸ್ತ್ರಿ ಮಾಡಿದ ಅಂಗಿ, ಹೊಸ್ತಿಲಿನ ಹೊರಗೆ ಹೆಲ್ಮೆಟ್ ಕೈಯಲ್ಲಿ ಹಿಡಿದು ಕಾಲು ಬದಲಾಯಿಸುತ್ತಿದ್ದ. ಒಳಗೆ ಕೊಟ್ರಮ್ಮ ಮಷೀನಿನ ಮುಂದೆ ಕೂತು, ಅವನ ಗುರುತಿನ ಚೀಟಿಯನ್ನೂ ಕಂಪನಿಯ ಪತ್ರವನ್ನೂ ಮಡಿಲಲ್ಲಿಟ್ಟುಕೊಂಡು, ಅಕ್ಷರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಿದ್ದಳು. ಕಂತಿನ ದುಡ್ಡು ಪಕ್ಕದಲ್ಲೇ ಕತ್ತರಿಯ ಕೆಳಗೆ ಸಿದ್ಧವಾಗಿತ್ತು. ನಾನು ಮುಟ್ಟಿಸಿದ ಅಷ್ಟು ಕಾಗದಗಳಲ್ಲಿ ಒಂದನ್ನಾದರೂ ಯಾರಾದರೂ ನನ್ನನ್ನು ಹೊರಗೆ ನಿಲ್ಲಿಸಿ ಹೀಗೆ ಓದಿದ್ದರೇ ಅಂತ ನೆನಪು ಮಾಡಿಕೊಂಡೆ. ಯಾರೂ ನೆನಪಿಗೆ ಬರಲಿಲ್ಲ.

ಅವನು ಗಡಿಯಾರ ನೋಡಿಕೊಂಡು, "ಅಕ್ಕಾರ, ಜಲ್ದಿ ಮಾಡ್ರಿ, ಇನ್ನೂ ನಾಕು ಮನಿ ಅದಾವ" ಅಂದ.

ಅವಳು ತಲೆ ಎತ್ತಲಿಲ್ಲ. "ನಿಂದ್ರಪ್ಪ ಹೊರಗ. ಓದಾಕತ್ತೀನಿ."